ದ್ರವ ಸಾರಜನಕದಲ್ಲಿ ಕ್ಯಾವಿಟೇಷನ್ ಪರೀಕ್ಷೆ: 0.2 ಕೆಲ್ವಿನ್ ಕಲಿಸಿದ ಪಾಠ

ಹಿಂದಿನ ಟಿಪ್ಪಣಿಯನ್ನು ನೀರಿನ ಪರೀಕ್ಷೆಗೆ ನಿಲ್ಲಿಸಿದ್ದೆ. 50 ಮಿ.ಮೀ. ವ್ಯಾಸದ ಇಂಪೆಲರ್ (ತಿರುಗುವ ಅಲಗುಚಕ್ರ) ಇರುವ ನನ್ನ ಪುಟ್ಟ ಪಂಪು ನಿಮಿಷಕ್ಕೆ 6,000 ಸುತ್ತಿನಲ್ಲಿ ಸುಮಾರು 12 ಮೀಟರ್ ಹೆಡ್ (ದ್ರವವನ್ನು ಎತ್ತಬಲ್ಲ ಎತ್ತರ) ಕೊಡುತ್ತದೆ. ಮುಚ್ಚಿದ ಕೊಳವೆ ಸುತ್ತಿನಲ್ಲಿ ನೀರು ತುಂಬಿ, ವ್ಯಾಕ್ಯೂಮ್ ಪಂಪಿನಿಂದ ಒಳಬಾಯಿಯ ಒತ್ತಡವನ್ನು ಇಳಿಸುತ್ತ ಹೋದಾಗ, ಎನ್‌ಪಿಎಸ್‌ಎಚ್ 1.3 ಮೀಟರಿಗೆ ಬಂದ ಹೊತ್ತಿಗೆ ಹೆಡ್ ಶೇ. 3ರಷ್ಟು ಕುಸಿಯಿತು. ಒಳಬಾಯಿಯಲ್ಲಿ ದ್ರವದ ಒಟ್ಟು ಒತ್ತಡವು ಅದೇ ಉಷ್ಣತೆಯ ಆವಿ ಒತ್ತಡಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ದ್ರವಸ್ತಂಭದ ಎತ್ತರವಾಗಿ ಹೇಳಿದರೆ ಅದೇ ಎನ್‌ಪಿಎಸ್‌ಎಚ್, ಶೇ. 3ರ ಕುಸಿತವನ್ನು ಕ್ಯಾವಿಟೇಷನ್ನಿನ, ಅಂದರೆ ಒತ್ತಡ ಇಳಿದಲ್ಲಿ ದ್ರವ ಆವಿಯಾಗಿ ಗುಳ್ಳೆಗಟ್ಟುವುದರ, ಗುರುತಾಗಿ ಹಿಡಿಯುವುದು ಪಂಪು ಪರೀಕ್ಷೆಯಲ್ಲಿ ರೂಢಿ. ಗುಳ್ಳೆಗಳು ಅದಕ್ಕೂ ಬಹಳ ಮೊದಲೇ ಹುಟ್ಟಿರುತ್ತವೆ ಎನ್ನುವುದನ್ನು ಮರೆಯಬಾರದು. ಈ ಬಾರಿಯ ಕೆಲಸ, ಅದೇ ಪಂಪನ್ನು ಅದೇ ವೇಗದಲ್ಲಿ ದ್ರವ ಸಾರಜನಕದಲ್ಲಿ ಓಡಿಸುವುದು.

ದ್ರವ ಬದಲಾದರೆ ಏಕೆ ಫಲಿತಾಂಶ ಬದಲಾಗಬೇಕು? ಗುಳ್ಳೆ ಹುಟ್ಟಲು ಬೇಕಾದ ಗುಪ್ತೋಷ್ಣವನ್ನು ಸುತ್ತಲಿನ ದ್ರವವೇ ಕೊಡಬೇಕು. ಕೊಟ್ಟ ದ್ರವ ತಣ್ಣಗಾಗುತ್ತದೆ. ತಣ್ಣಗಾದ ದ್ರವದ ಆವಿ ಒತ್ತಡ ಇಳಿಯುತ್ತದೆ. ಆಗ ಗುಳ್ಳೆಗೆ ಬೆಳೆಯುವುದೇ ಕಷ್ಟವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನ ನೀರಿನ ಆವಿ ಎಷ್ಟು ತೆಳುವೆಂದರೆ, ಒಂದು ಗಾತ್ರದ ಆವಿಯನ್ನು ಅಷ್ಟೇ ಗಾತ್ರದ ನೀರಿನ ಶಾಖದಿಂದ ಮಾಡಿದರೂ ಉಷ್ಣತೆ ಸುಮಾರು 0.01 ಕೆಲ್ವಿನ್ ಮಾತ್ರ ಇಳಿಯುತ್ತದೆ. 77.4 ಕೆಲ್ವಿನ್‌ನಲ್ಲಿ ಕುದಿಯುವ ಸಾರಜನಕದ ಆವಿಯ ಸಾಂದ್ರತೆ ಘನಮೀಟರಿಗೆ 4.6 ಕಿಲೋಗ್ರಾಂ, ಗುಪ್ತೋಷ್ಣ ಕಿಲೋಗ್ರಾಂಗೆ 199 ಕಿಲೋಜೂಲ್. ಅದೇ ಲೆಕ್ಕ ಇಲ್ಲಿ 0.56 ಕೆಲ್ವಿನ್ ಇಳಿಕೆ ತೋರಿಸುತ್ತದೆ. ಆ ಉಷ್ಣತೆಯ ಸುತ್ತಮುತ್ತ ಪ್ರತಿ ಕೆಲ್ವಿನ್‌ಗೆ ಆವಿ ಒತ್ತಡ ಸುಮಾರು 11.8 ಕಿಲೋಪಾಸ್ಕಲ್ ಬದಲಾಗುವುದರಿಂದ, ದ್ರವಸ್ತಂಭದ ಲೆಕ್ಕದಲ್ಲಿ ಇದು 0.83 ಮೀಟರ್. ಗುಳ್ಳೆಯ ಗಾತ್ರಕ್ಕೂ ಶಾಖ ಕೊಟ್ಟ ದ್ರವದ ಗಾತ್ರಕ್ಕೂ ಇರುವ ಅನುಪಾತವನ್ನು ಬಿ ಅಂಶ ಎನ್ನುತ್ತಾರೆ. ಅದು 1 ಆದರೆ ನನ್ನ ಪಂಪಿಗೆ 0.83 ಮೀಟರ್ ರಿಯಾಯಿತಿ ಸಿಗಬೇಕು, ಅಂದರೆ ನೀರಿಗಿಂತ ಅಷ್ಟು ಕಡಿಮೆ ಎನ್‌ಪಿಎಸ್‌ಎಚ್‌ವರೆಗೂ ಹೆಡ್ ಕುಸಿಯಬಾರದು. ಪಂಪಿಗೆ ಬಿ ಎಷ್ಟೆಂಬುದು ಅಳೆದೇ ತಿಳಿಯಬೇಕು.

ವ್ಯವಸ್ಥೆ ಸರಳವಾಗಿದೆ. ಒತ್ತಡ ತಡೆಯುವಂತೆ ತಯಾರಾದ, ಸುರಕ್ಷತಾ ಕವಾಟವಿರುವ ಡ್ಯೂವರ್ ಪಾತ್ರೆಯಲ್ಲಿ (ಥರ್ಮಾಸಿನಂಥ ಜೋಡಿಗೋಡೆಯ ಪಾತ್ರೆ) 30 ಲೀಟರ್ ದ್ರವ, ತಳದಲ್ಲಿ ಮುಳುಗಿದ ಪಂಪು, ಮೇಲೆ ಬೆಚ್ಚಗಿನ ಜಾಗದಲ್ಲಿ ಮೋಟಾರು, ನಡುವೆ ತೆಳು ಗೋಡೆಯ ಸ್ಟೀಲಿನ ಉದ್ದ ಶಾಫ್ಟು. ಕೋಣೆಯಲ್ಲಿ ಆಮ್ಲಜನಕದ ಅಲಾರಂ ಇಲ್ಲದೆ ಪಾತ್ರೆಯ ಮುಚ್ಚಳ ತೆಗೆಯುವುದಿಲ್ಲ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ, ಅದು ಉಸಿರಾಡುವ ಗಾಳಿಯನ್ನೇ ಹೊರದೂಡಬಲ್ಲದು. ಮೇಲಿನ ಒತ್ತಡಕ್ಕೆ ಹೀಲಿಯಂ ಬಳಸಿದೆ. ಸಾರಜನಕ ಅನಿಲವನ್ನೇ ಬಿಟ್ಟರೆ ಅದು ದ್ರವದ ಮೇಲ್ಮೈಯಲ್ಲಿ ಸಾಂದ್ರೀಕರಿಸಿ ಮೇಲ್ಪದರವನ್ನು ಬಿಸಿಮಾಡುತ್ತದೆ.

ಎನ್‌ಪಿಎಸ್‌ಎಚ್ ಇಳಿಸಲು ಒತ್ತಡ ಬಿಡಬೇಕೆಂದು ಮೊದಲು ಯೋಜಿಸಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. ಪಂಪು ದ್ರವಕ್ಕೆ ಕೊಡುವ ಸುಮಾರು 100 ವ್ಯಾಟ್ ಶಕ್ತಿಯೆಲ್ಲ ಕೊನೆಗೆ ಶಾಖವಾಗಿ ಅಲ್ಲೇ ಉಳಿಯುತ್ತದೆ. 24 ಕಿಲೋಗ್ರಾಂ ದ್ರವದ ಉಷ್ಣತೆ ಇದರಿಂದ ನಿಮಿಷಕ್ಕೆ 0.1 ಕೆಲ್ವಿನ್‌ಗಿಂತ ತುಸು ಹೆಚ್ಚು ಏರುತ್ತದೆ. ಮೇಲಿನ ಒತ್ತಡವನ್ನು ಸ್ಥಿರವಾಗಿಟ್ಟು ಕಾದು ಕುಳಿತರೆ ಎನ್‌ಪಿಎಸ್‌ಎಚ್ ತಾನಾಗಿಯೇ, ನಿಮಿಷಕ್ಕೆ ಸುಮಾರು 0.18 ಮೀಟರಿನಂತೆ ಇಳಿಯುತ್ತದೆ. ಕವಾಟ ತಿರುಗಿಸುವ ಗಡಿಬಿಡಿ ಇಲ್ಲದ ಈ ವಿಧಾನ ನನಗೆ ಬಹಳ ಹಿಡಿಸಿತು.

ಮೊದಲ ಎರಡು ಪರೀಕ್ಷೆ ದಂಡವಾದವು. ಒಳಬಾಯಿಯ ಒತ್ತಡದ ರೇಖೆ ಕೆಲವು ಸೆಕೆಂಡಿಗೊಮ್ಮೆ 3 ಕಿಲೋಪಾಸ್ಕಲ್ ಮೇಲೆ ಕೆಳಗೆ ಜಿಗಿಯುತ್ತಿತ್ತು. ಇದೇ ಕ್ಯಾವಿಟೇಷನ್ನಿನ ಅಲೆದಾಟ ಎಂದು ಬರೆದುಕೊಂಡೂ ಆಗಿತ್ತು. ಮೋಟಾರು ನಿಲ್ಲಿಸಿ ಚಹಾ ಲೋಟ ಕೈಗೆತ್ತಿಕೊಂಡು ಪರದೆಯತ್ತ ನೋಡಿದರೆ, ಪಂಪು ನಿಂತ ಮೇಲೂ ರೇಖೆ ಅದೇ ತಾಳದಲ್ಲಿ ಕುಣಿಯುತ್ತಿದೆ! ಒತ್ತಡ ಒಯ್ಯುವ ಸಣ್ಣ ಕೊಳವೆ ಮುಚ್ಚಳದಿಂದ ಹೊರಬಂದ ಮೇಲೆ ಒಂದು ಕಡೆ ಜೋತುಬಿದ್ದಿತ್ತು. ಅಲ್ಲಿ ಸೇರಿದ ದ್ರವ ಬೆಚ್ಚಗಿನ ಗೋಡೆಗೆ ತಗಲಿ ಕುದಿದು, ಹಿಂದಕ್ಕೆ ತಳ್ಳಲ್ಪಟ್ಟು, ಮತ್ತೆ ಬಂದು ಸೇರುತ್ತಿತ್ತು. ಕೊಳವೆಯನ್ನು ಎಲ್ಲೂ ತಗ್ಗಿಲ್ಲದಂತೆ ಒಂದೇ ಸಮ ಮೇಲೇರಿಸಿ ಕಟ್ಟಿದ ಮೇಲೆ ಬೆಚ್ಚಗಿನ ಭಾಗದಲ್ಲಿ ಅನಿಲ ಮಾತ್ರ ಉಳಿಯಿತು, ಕುಣಿತವೂ ನಿಂತಿತು.

ಮೂರನೆಯ ಪರೀಕ್ಷೆಯ ಫಲಿತಾಂಶ ಅನುಮಾನ ಬರುವಷ್ಟು ಚೆನ್ನಾಗಿತ್ತು. ಹೆಡ್ ಶೇ. 3 ಕುಸಿದದ್ದು ಎನ್‌ಪಿಎಸ್‌ಎಚ್ 0.55 ಮೀಟರಿನಲ್ಲಿ, ಅಂದರೆ ನೀರಿಗಿಂತ 0.75 ಮೀಟರ್ ರಿಯಾಯಿತಿ. ಒಂದು ಸಂಜೆಯಿಡೀ ಖುಷಿಯಲ್ಲಿದ್ದೆ. ಆಮೇಲೆ ದ್ರವದ ಉಷ್ಣತೆ ಅಳೆಯುವ ಪ್ಲಾಟಿನಂ ತಂತಿಯ ಪಿಟಿ-100 ಸಂವೇದಕದ ಮೇಲೆ ಕಣ್ಣು ಹೋಯಿತು. ಈ ಉಷ್ಣತೆಯಲ್ಲಿ ಅದರ ರೋಧ ಸುಮಾರು 20 ಓಮ್, ಕೆಲ್ವಿನ್‌ಗೆ ಬದಲಾಗುವುದು 0.43 ಓಮ್. ತಂತಿಗಳ ರೋಧ ಲೆಕ್ಕಕ್ಕೆ ಬಾರದ ನಾಲ್ಕು ತಂತಿಯ ಜೋಡಣೆ ಇದ್ದುದರಿಂದ ವಿದ್ಯುತ್ ಭಾಗದಲ್ಲಿ ತಪ್ಪಿರಲಿಲ್ಲ. ತಂತಿಗಳು ಮಾತ್ರ ಮುಚ್ಚಳದಿಂದ ನೇರ ಇಳಿದು ಸಂವೇದಕಕ್ಕೆ ಸೇರುತ್ತಿದ್ದವು. ತಾಮ್ರ ತನ್ನೊಂದಿಗೆ ಹೊರಗಿನ ಶಾಖವನ್ನೂ ಇಳಿಸುತ್ತಿತ್ತು. ಹೊಸದಾಗಿ ಸುರಿದ ದ್ರವದ ತೆರೆದ ಪಾತ್ರೆಯಲ್ಲಿ ಅದೇ ಜೋಡಣೆಯನ್ನು ಅದ್ದಿ, ಬ್ಯಾರೋಮೀಟರಿನ ಓದಿನಿಂದ ಕುದಿಬಿಂದು ಲೆಕ್ಕಹಾಕಿ ಹೋಲಿಸಿದಾಗ ಸಂವೇದಕ 0.2 ಕೆಲ್ವಿನ್ ಹೆಚ್ಚು ತೋರಿಸಿತು. (ದ್ರವ ಹೊಸದಾಗಿರಲೇಬೇಕು: ತೆರೆದಿಟ್ಟ ಸಾರಜನಕ ಗಾಳಿಯ ಆಮ್ಲಜನಕವನ್ನು ಹೀರಿಕೊಂಡರೆ ಕುದಿಬಿಂದುವೇ ಏರುತ್ತದೆ.) ಉಷ್ಣತೆ ಹೆಚ್ಚು ಓದಿದರೆ ಆವಿ ಒತ್ತಡವೂ ಹೆಚ್ಚಾಗಿ ಲೆಕ್ಕಕ್ಕೆ ಬಂದು, ಎನ್‌ಪಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. 0.2 ಕೆಲ್ವಿನ್ ಎಂದರೆ 2.4 ಕಿಲೋಪಾಸ್ಕಲ್, ಎಂದರೆ 0.3 ಮೀಟರ್ ಎನ್‌ಪಿಎಸ್‌ಎಚ್. ನನ್ನ ಖುಷಿಯ ಐದರಲ್ಲಿ ಎರಡು ಪಾಲು ತಾಮ್ರದ ತಂತಿಯದು.

ಈಗ ತೆಳುವಾದ ತಂತಿಯನ್ನು ಬಳಸಿ, ಸಂವೇದಕಕ್ಕೆ ಸೇರುವ ಮೊದಲು 30 ಸೆಂ.ಮೀ. ಉದ್ದವನ್ನು ಒಳಬಾಯಿಯ ಕೊಳವೆಗೆ ಸುತ್ತಿ ದ್ರವದಲ್ಲೇ ತಣಿಸಿದ್ದೇನೆ. ಮತ್ತೆ ನಡೆಸಿದ ಮೂರು ಪರೀಕ್ಷೆಗಳಲ್ಲಿ ಕುಸಿತ 0.85 ಮೀಟರಿನ ಆಸುಪಾಸಿನಲ್ಲೇ ಕಂಡಿತು. ರಿಯಾಯಿತಿ 0.45 ಮೀಟರ್, ಬಿ ಸುಮಾರು 0.54. ಕುಸಿಯುವ ರೀತಿಯೂ ಬೇರೆ: ನೀರಿನಲ್ಲಿ ಹೆಡ್ ಮೆಟ್ಟಿಲಿಳಿದಂತೆ ಬಿದ್ದರೆ ಇಲ್ಲಿ ಇಳಿಜಾರಿನಲ್ಲಿ ಜಾರಿದಂತೆ ಇಳಿಯಿತು. ಆದರೂ ಈ ರಿಯಾಯಿತಿಯನ್ನು ಸುರಕ್ಷತೆ ಎಂದು ಓದಲು ನಾನು ಸಿದ್ಧನಿಲ್ಲ. 1999ರ ನವೆಂಬರಿನಲ್ಲಿ ಜಪಾನಿನ 8ನೇ ಸಂಖ್ಯೆಯ ಎಚ್-2 ರಾಕೆಟ್ಟಿನ ಉಡಾವಣೆ ವಿಫಲವಾದದ್ದು ದ್ರವ ಜಲಜನಕದ ಪಂಪಿನ ಇಂಡ್ಯೂಸರ್ (ಒಳಬಾಯಿಯ ಮೊದಲ ಅಲಗುಚಕ್ರ) ಅಲಗು ಕ್ಯಾವಿಟೇಷನ್ನಿನ ಕಂಪನಕ್ಕೆ ದಣಿದು ಮುರಿದದ್ದರಿಂದ. ಹೆಡ್ ಉಳಿದಿದೆ ಎಂದಮಾತ್ರಕ್ಕೆ ಅಲಗು ನೆಮ್ಮದಿಯಾಗಿದೆ ಎನ್ನಲಾಗದು. ಕಂಪನದ ಅಳತೆಯನ್ನು ಇನ್ನೂ ಶುರುಮಾಡಿಲ್ಲ.

ಅದಕ್ಕೂ ಮುಂಚೆ ಉಷ್ಣತೆಯ ಅಳತೆಯನ್ನೇ ಸುತ್ತುಬಳಸಿಲ್ಲದಂತೆ ಮಾಡಬೇಕಿದೆ. ಒಳಬಾಯಿಯ ಹರಿವಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ತಾಮ್ರದ ಬುರುಡೆಯನ್ನಿಟ್ಟು, ಅದರೊಳಗೆ ಶುದ್ಧ ಸಾರಜನಕ ಅನಿಲ ತುಂಬಿ, ಅರ್ಧ ದ್ರವವಾಗುವಂತೆ ಬಿಟ್ಟರೆ, ಬುರುಡೆಯೊಳಗಿನ ಒತ್ತಡವೇ ಆ ದ್ರವದ ಆವಿ ಒತ್ತಡ. ಬುರುಡೆಗೂ ಒಳಬಾಯಿಗೂ ನಡುವೆ ಒಂದು ವ್ಯತ್ಯಾಸ ಮಾಪಕ ಕೂಡಿಸಿದರೆ, ಹರಿವಿನ ವೇಗದ ಪಾಲೊಂದನ್ನು ಸೇರಿಸಿಕೊಂಡು ಎನ್‌ಪಿಎಸ್‌ಎಚ್ ನೇರವಾಗಿ ಸಿಗುತ್ತದೆ. ಬುರುಡೆಗೆ ಬೆಳ್ಳಿಯ ಬೆಸುಗೆ ಹಾಕಿ ಸೋರಿಕೆ ನೋಡಿಯಾಗಿದೆ. ಕ್ಯಾಪಿಲರಿ ಕೊಳವೆಯನ್ನು ಈ ಸಲ ಎಲ್ಲೂ ಜೋತುಬೀಳದಂತೆ ಮೊದಲೇ ಕಟ್ಟಿದ್ದೇನೆ.