ಕರೆಂಟಿಲ್ಲದ ಹೊಲದಲ್ಲಿ ಟಗರು ಮರಿ

ಮಳವಳ್ಳಿ ಕಡೆ ನಮ್ಮೂರ ಹುಡುಗರು ಬನ್ನೂರು ತಳಿಯ ಹತ್ತು ಟಗರು ಮರಿ ಸಾಕುತ್ತಿರುವ ಹೊಲ ಅವರದಲ್ಲ. ಬೋರಿಲ್ಲ, ಕರೆಂಟ್ ಕಂಬವೂ ಇಲ್ಲ. ಬೇಸಿಗೆಯಲ್ಲಿ ಅಲ್ಲಿ ಬೆಳಗಾಗುವುದೇ ನೀರಿನ ಲೆಕ್ಕದಿಂದ.

ಒಣಮೇವು ತಿನ್ನುವ ಮರಿಗೆ ಬಿಸಿಲುಗಾಲದಲ್ಲಿ ದಿನಕ್ಕೆ 3ರಿಂದ 4 ಲೀಟರ್ ಬೇಕು. ಚೆಲ್ಲುವುದು, ಬಾನಿ ತೊಳೆಯುವುದು ಸೇರಿ ಹತ್ತು ಮರಿಗೆ 50 ಲೀಟರ್ ಹಿಡಿಯಿರಿ. 200 ಲೀಟರಿನ ನೀಲಿ ಡ್ರಮ್ಮು ನಾಲ್ಕು ದಿನ ಬರುತ್ತದೆ. ತುಂಬಿದ ಮೇಲೆ ಅದನ್ನು ಅಲ್ಲಾಡಿಸಲಾಗದು. ಹಾಗಾಗಿ ಹೊಂಗೆ ಮರದ ನೆರಳಲ್ಲಿ ಸೈಜುಗಲ್ಲಿನ ಮೇಲೆ ಮೊದಲೇ ಕೂರಿಸಿ, ಆಮೇಲೆ ಕ್ಯಾನಿನಲ್ಲಿ ನೀರು ತಂದು ಸುರಿಯಬೇಕು. ನಲ್ಲಿಯನ್ನು ತಳಕ್ಕಿಂತ ನಾಲ್ಕು ಬೆರಳು ಮೇಲೆ ಕೂರಿಸಿದರೆ ಕೆಳಗಿಳಿದ ಮಡ್ಡಿ ಬಾನಿಗೆ ಬರುವುದಿಲ್ಲ. ಬಾಲ್ ವಾಲ್ವ್ ಹಾಕಿ ನೀರು ತಾನೇ ತುಂಬಲಿ ಎಂದು ಬಿಡುವುದು ಇಲ್ಲಿ ಬೇಡ. ಒಂದು ಎಳೆ ಹುಲ್ಲು ಸಿಕ್ಕಿಕೊಂಡರೂ ವಾಲ್ವ್ ಪೂರ್ತಿ ಮುಚ್ಚದೆ, ಯಾರೂ ಇಲ್ಲದ ಹೊತ್ತಲ್ಲಿ ಡ್ರಮ್ಮು ಬರಿದಾಗುತ್ತದೆ. ಕೈಯಲ್ಲಿ ಎರಡು ಹೊತ್ತು ತುಂಬುವುದೇ ಸರಿ.

ವಿಶ್ವೇಶ್ವರಯ್ಯ ನಾಲೆಯ ಕಾಲುವೆ ಹತ್ತಿರವೇ ಇದೆ ಎಂದು ಮರಿಗಳನ್ನು ಅತ್ತ ಹೊಡೆಯಬಾರದು. ಕಾಲುವೆ ಅಂಚಿನ, ಗದ್ದೆ ಬದುವಿನ ಬಸವನಹುಳುವಿನಿಂದ ಲಿವರ್ ಹುಳ ಹತ್ತುತ್ತದೆ. ಮರಿ ತಿನ್ನುತ್ತಿದ್ದರೂ ಸೊರಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಜೋಲುತ್ತದೆ. ಅಷ್ಟು ದಿನ ಕಾಯದೆ ವಾರಕ್ಕೊಮ್ಮೆ ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿ: ಕೆಂಪಗಿದ್ದರೆ ಸರಿ, ಸುಣ್ಣದಂತೆ ಬಿಳಿಚಿದ್ದರೆ ಡಾಕ್ಟರಿಗೆ ತೋರಿಸಿ.

ಮೇವು ಇಲ್ಲಿ ದೊಡ್ಡ ತೊಂದರೆಯಲ್ಲ. ರಾಗಿ ಹುಲ್ಲು, ಹುರುಳಿ ಹೊಟ್ಟು, ಅಗಸೆ ಸೊಪ್ಪು, ಮರಿಗೆ ದಿನಕ್ಕೆ 200 ಗ್ರಾಂ ಹಿಂಡಿ-ಬೂಸಾ ತಿಂಡಿ. ಮದುವೆ ಮನೆಯ ಉಳಿದ ಅನ್ನ ಮಾತ್ರ ಯಾರೇ ಕೊಟ್ಟರೂ ಬೇಡ. ಹೊಟ್ಟೆ ಹುಳಿಯಾಗಿ ಸಾಯುತ್ತವೆ.

ಕಷ್ಟವೆಲ್ಲ ರಾತ್ರಿಯದು. ಸುತ್ತ ಕಬ್ಬಿನ ಗದ್ದೆ, ಅದರೊಳಗೆ ಚಿರತೆ. ಆರಡಿ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ಹತ್ತಕ್ಕೆ ಹನ್ನೆರಡು ಅಡಿಯ ದೊಡ್ಡಿಗೆ ನಾಲ್ಕೂ ಕಡೆ ಹಾಕಿದಂತೆ ತಲೆಯ ಮೇಲೂ ಚೈನ್‌ಲಿಂಕ್ ಮೆಶ್ ಹಾಕಬೇಕು. ನಾಯಿಗಳು ಬುಡ ಕೆರೆಯುವುದರಿಂದ ಕೆಳಗಿನ ಒಂದಡಿ ಮೆಶ್ಶನ್ನು ಹೊರಕ್ಕೆ ಮಡಚಿ ಕಲ್ಲು ಹೇರಬೇಕು. ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ. ಸೋಲಾರ್ ದೀಪ ನಮಗೆ ಕಾಣಲು ಬೇಕು, ಅದನ್ನು ಕಂಡು ಚಿರತೆ ಹೆದರುತ್ತದೆ ಎಂದು ನಂಬಬೇಡಿ. ಕಾವಲಿಗೆಂದು ಶಾಲೆ ಹುಡುಗರನ್ನು ಹೊಲದಲ್ಲಿ ಮಲಗಿಸುವುದಂತೂ ಕೂಡದೇ ಕೂಡದು. ಮರಿಗಿಂತ ಮಕ್ಕಳು ಮುಖ್ಯ.

ಹೊಲದವರು ಬಿಡಿ ಎಂದ ದಿನ ಬಿಡಬೇಕಾದ್ದರಿಂದ ಸಿಮೆಂಟ್ ಹಾಕುವಂತಿಲ್ಲ, ಎಲ್ಲವೂ ನಟ್ಟು ಬೋಲ್ಟಿನಲ್ಲೇ ನಿಲ್ಲಬೇಕು. ಇದರಿಂದ ಅನುಕೂಲವೂ ಇದೆ. ವಾರಕ್ಕೊಮ್ಮೆ ದೊಡ್ಡಿ ಬಿಚ್ಚಿ ಪಕ್ಕಕ್ಕೆ ಸರಿಸಿದರೆ ನೆಲ ಒಣಗಿರುತ್ತದೆ, ಗೊರಸು ಕೊಳೆಯುವುದಿಲ್ಲ, ಹೊಲಕ್ಕೆಲ್ಲ ಗೊಬ್ಬರ ಬೀಳುತ್ತದೆ. ಬಾಡಿಗೆ ಎಷ್ಟು ಕೊಡಬೇಕು ಗೌಡ್ರೇ ಅಂದರೆ, "ದುಡ್ಡೇನ್ ಬ್ಯಾಡ ಕಣ್ರಪ್ಪಾ, ಮಂದೆ ಗೊಬ್ಬರ ಬಿದ್ರೆ ಸಾಕು" ಅನ್ನುತ್ತಾರೆ. ಆದರೂ ಎಷ್ಟು ತಿಂಗಳಿಗೆ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಫ್ರಿಜ್ ಇಲ್ಲದ ಕಡೆ ಲಸಿಕೆ ತಂದಿಟ್ಟುಕೊಳ್ಳಬಾರದು, ಬಿಸಿ ತಾಗಿದರೆ ಅದು ಕೆಲಸಕ್ಕೆ ಬಾರದು. ಮುಂಗಾರಿಗೆ ಮೊದಲೇ ಪಶು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಂಡು, ಐಸ್ ಬಾಕ್ಸಿನಲ್ಲಿ ಬಂದ ಲಸಿಕೆಯನ್ನು ಬಿಸಿಲೇರುವ ಮುಂಚೆ ಹತ್ತೂ ಮರಿಗೆ ಹಾಕಿಸಿ ಮುಗಿಸಿ. ಕರುಳುಬೇನೆ, ಪಿಪಿಆರ್ (ಕುರಿ-ಮೇಕೆಗಳಲ್ಲಿ ಬೇಗ ಹರಡುವ ವೈರಸ್ ರೋಗ) ಎರಡಕ್ಕೂ ಕೇಳಿ.