‘ಪ್ಲೇ’ ಎಂಬ ಪದವನ್ನು ಚೀನಿ ಭಾಷೆಗೆ ತರುವಾಗ

ಇಂಗ್ಲಿಷ್‌ನ ‘ಪ್ಲೇ’ಗೆ ಚೀನಿ ನಿಘಂಟು ಮೊದಲು ಕೊಡುವ ಅರ್ಥ ಸಾಮಾನ್ಯವಾಗಿ ‘ವಾನ್’. ಮಕ್ಕಳು ಆಡುವುದು, ಮೊಬೈಲ್ ಗೇಮ್ ಆಡುವುದು, ಸುಮ್ಮನೆ ಮೋಜು ಮಾಡುವುದು ಇಷ್ಟಕ್ಕೆ ಅದು ಸರಿ. ಕಛೇರಿ ಕೊಡುವ ಪಿಯಾನೊ ವಾದಕರ ಬಗ್ಗೆ ‘ವಾನ್’ ಎಂದು ಬರೆದರೆ ಅವರು ಪಿಯಾನೊದ ಜೊತೆ ಆಟವಾಡುತ್ತಿದ್ದಾರೆ ಎಂಬ ಧ್ವನಿ ಬರುತ್ತದೆ.

ವಾದ್ಯಗಳಿಗೆ ಕ್ರಿಯಾಪದ ಆರಿಸುವಾಗ ಕೈ, ಬಾಯಿ ಏನು ಮಾಡುತ್ತವೆ ಎಂದು ನೋಡಬೇಕು. ಬೆರಳಿನಿಂದ ಮೀಟುವ, ಒತ್ತುವ ವಾದ್ಯಕ್ಕೆ ‘ಥಾನ್’: ಗಿಟಾರ್, ಪಿಯಾನೊ, ಫೀಫಾ ಎಂಬ ಚೀನಿ ತಂತಿವಾದ್ಯ. ಕಮಾನು ಎಳೆಯುವುದಕ್ಕೆ ‘ಲಾ’: ಪಿಟೀಲು, ಎರಡು ತಂತಿಯ ಚೀನಿ ವಾದ್ಯ ಅರ್‌ಹೂ. ಊದುವುದಕ್ಕೆ ‘ಛ್ವೇ’. ಡೋಲಿಗೆ ‘ತಾ’, ಅಂದರೆ ಹೊಡೆ. (ಚೀನಿಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯ ‘ಡಿ’ ಅಕ್ಷರ ನಮ್ಮ ತಕಾರಕ್ಕೂ ‘ಟಿ’ ಅಕ್ಷರ ಥಕಾರಕ್ಕೂ ಹತ್ತಿರ. ಮಹಾಪ್ರಾಣ ಬಿಟ್ಟರೆ ಪದವೇ ಬೇರೆಯಾಗುತ್ತದೆ.)

ವಾದ್ಯದ ಹೆಸರನ್ನು ನಂಬಿ ಕ್ರಿಯಾಪದ ಹಾಕುವಂತಿಲ್ಲ. ಪಿಯಾನೊ ‘ಕಾಂಗ್‌ಛಿನ್’, ಪಿಟೀಲು ‘ಶ್ಯಾವ್‌ಥೀಛಿನ್’, ಮೌತ್ ಆರ್ಗನ್ ‘ಖೋಛಿನ್’, ಅಕಾರ್ಡಿಯನ್ ‘ಷೋಫಂಗ್‌ಛಿನ್’. ನಾಲ್ಕರ ಕೊನೆಯಲ್ಲೂ ಅದೇ ‘ಛಿನ್’. ಆದರೆ ಮೊದಲನೆಯದನ್ನು ಥಾನ್ ಮಾಡಬೇಕು, ಎರಡನೆಯದನ್ನು ಲಾ, ಮೂರನೆಯದನ್ನು ಛ್ವೇ. ಅಕಾರ್ಡಿಯನ್‌ಗೆ ಪಿಯಾನೊದಂತೆ ಕೀಲಿಮಣೆ ಇದ್ದರೂ ತಿದಿ ಎಳೆಯುವುದರಿಂದ ಅದಕ್ಕೂ ‘ಲಾ’ ಬರುತ್ತದೆ.

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ವೀಣೆ ಮೀಟುತ್ತೇವೆ, ಕೊಳಲು ಊದುತ್ತೇವೆ, ಮೃದಂಗ ಬಾರಿಸುತ್ತೇವೆ. ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಒಮ್ಮೆ ಕನ್ನಡಕ್ಕೆ ತಂದುಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಯಾವ ವಾದ್ಯಕ್ಕೂ ಹೊಂದುವ ನಮ್ಮ ‘ನುಡಿಸು’ವಿನಂತೆ ಚೀನಿಯಲ್ಲಿ ‘ಯೆನ್‌ತ್ಸೋ’ ಇದೆ, ಆದರೆ ಅದು ಕಾರ್ಯಕ್ರಮ ಪತ್ರಿಕೆಯ ಭಾಷೆ. ‘ನೀವು ಯಾವ ವಾದ್ಯ ನುಡಿಸುತ್ತೀರಿ?’ ಎಂದು ಮಾತಿನಲ್ಲಿ ಕೇಳಬೇಕಾದರೆ ‘ನೀ ಹ್ವೇ ಷನ್ಮ ಯ್ವೇಛಿ’ ಎನ್ನಿ, ನಿಮಗೆ ಯಾವ ವಾದ್ಯ ಬರುತ್ತದೆ ಎಂದರ್ಥ. ವಾದ್ಯ ಗೊತ್ತಿಲ್ಲದಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆಟಗಳ ವಿಷಯದಲ್ಲಿ ಈ ಅನುಕೂಲ ಸಿಗದು, ಏಕೆಂದರೆ ನಮ್ಮ ‘ಆಡು’ ಎಲ್ಲಕ್ಕೂ ಸಲ್ಲುತ್ತದೆ. ಬ್ಯಾಸ್ಕೆಟ್‌ಬಾಲ್, ಟೆನಿಸ್, ಕ್ರಿಕೆಟ್ ಎಲ್ಲಕ್ಕೂ ‘ತಾ’. ಇಸ್ಪೀಟಿಗೂ ಮಾಜಾಂಗ್ ಎಂಬ ಬಿಲ್ಲೆಗಳ ಆಟಕ್ಕೂ ಅದೇ. ಫುಟ್‌ಬಾಲ್‌ಗೆ ಮಾತ್ರ ‘ಥೀ’, ಅಂದರೆ ಒದೆ. ಚದುರಂಗಕ್ಕೆ, ವೇಯ್‌ಛೀ (‘ಗೋ’ ಎಂಬ ಮಣೆಯಾಟ)ಗೆ ‘ಶ್ಯಾ’, ಅಂದರೆ ಕೆಳಗಿಡು. ಕಾಯಿಯನ್ನು ಮಣೆಯ ಮೇಲೆ ಇಡುತ್ತೇವಲ್ಲ. ಭಾರತ ಆಸ್ಟ್ರೇಲಿಯಾ ವಿರುದ್ಧ ಆಡುತ್ತದೆ ಎನ್ನುವಾಗ ಆಡುವ ಕ್ರಿಯಾಪದವೇ ಬೇಕಿಲ್ಲ. ಎರಡು ತಂಡಗಳ ನಡುವೆ ‘ತ್ವೇ’ ಹಾಕಿದರೆ ಸಾಕು.

ನಾಟಕದ ಪಾತ್ರಕ್ಕೆ ‘ಯೆನ್’, ಹಾಡು ಹಾಕುವುದಕ್ಕೆ ‘ಫಾಂಗ್’. ಇವು ಸುಲಭ.

ಹೆಚ್ಚು ಎಡವಟ್ಟಾಗುವುದು ಆ್ಯಪ್‌ಗಳ ಅನುವಾದದಲ್ಲಿ. ‘ಪ್ಲೇ’ ಎಂಬ ಒಂದೇ ಪದ ಸಂದರ್ಭವಿಲ್ಲದೆ ಅನುವಾದಕರ ಕೈಗೆ ಬರುತ್ತದೆ. ವಿಡಿಯೊ ಬಟನ್ ಆದರೆ ‘ಪೋಫಾಂಗ್’, ಗೇಮ್ ಶುರುಮಾಡುವ ಬಟನ್ ಆದರೆ ‘ಖಾಯ್‌ಷಿ ಯೋಶಿ’. ಎರಡಕ್ಕೂ ಕೋಡ್‌ನಲ್ಲಿ ಒಂದೇ ಕೀ (ಅನುವಾದಿಸಬೇಕಾದ ಪದವನ್ನು ಗುರುತಿಸುವ ಹೆಸರು) ಇಟ್ಟಿದ್ದರೆ ಎರಡರಲ್ಲೊಂದು ತಪ್ಪಾಗುವುದು ಖಂಡಿತ. ಕೀಗಳನ್ನು ಬೇರೆ ಮಾಡಿ, ಪ್ರತಿಯೊಂದಕ್ಕೂ ಟಿಪ್ಪಣಿ ಸೇರಿಸಿ. ಅನುವಾದಕ್ಕೆ ಗೆಟ್‌ಟೆಕ್ಸ್ಟ್ ಎಂಬ ತಂತ್ರಾಂಶ ಬಳಸುವವರಿಗೆ, ಪದದ ಜೊತೆ ಸಂದರ್ಭವನ್ನೂ ಕೊಡುವ ಪಿಗೆಟ್‌ಟೆಕ್ಸ್ಟ್ ಇದಕ್ಕೆಂದೇ ಇದೆ. ಇದಕ್ಕಿಂತ ಕೆಟ್ಟದ್ದು ‘ಪ್ಲೇ’ ಪಕ್ಕದಲ್ಲಿ ವಾದ್ಯದ ಅಥವಾ ಆಟದ ಹೆಸರು ತಾನಾಗಿ ಬಂದು ಕೂರುವ ಖಾಲಿ ಜಾಗ. ಹೆಸರು ಬದಲಾದರೆ ಕ್ರಿಯಾಪದವೂ ಬದಲಾಗಬೇಕು, ಕೋಡ್‌ಗೆ ಅದು ತಿಳಿಯುವುದಿಲ್ಲ. ವಾದ್ಯಗಳಷ್ಟೇ ಆದರೆ ‘ಯೆನ್‌ತ್ಸೋ’ ಹಾಕಿ ಪಾರಾಗಬಹುದು. ಆಟಗಳೂ ಸೇರಿದ್ದರೆ ಪ್ರತಿ ಹೆಸರಿಗೂ ಪೂರ್ತಿ ವಾಕ್ಯವನ್ನೇ ಬರೆದಿಡಿ.