ಫಾರ್ಮಿನ ಕೊನೆಯ ಕಾಲಂ

ಶಾಂತಿಪಾಲಕರ ತರಬೇತಿಗೆ ನಾನು ಮೊದಲ ಸಲ ಪಾಠ ಬರೆದಾಗ, ಫಾರ್ಮಿನ ಕೊನೆಯಲ್ಲಿ ‘ಲಿಂಗತ್ವ ದೃಷ್ಟಿಕೋನ’ ಅಂತ ಒಂದು ಕಾಲಂ ಇತ್ತು, ಅಂದರೆ ಹೆಂಗಸರ, ಗಂಡಸರ ಬೇರೆ ಬೇರೆ ಪರಿಸ್ಥಿತಿ, ಅಗತ್ಯಗಳನ್ನು ಪಾಠ ಹೇಗೆ ಗಮನಿಸುತ್ತೆ ಅನ್ನೋದು. ‘ಶೇ 20 ಮಹಿಳೆಯರು ಭಾಗವಹಿಸುತ್ತಾರೆ’ ಅಂತ ಬರೆದು ಫೈಲ್ ಮುಚ್ಚಿದೆ. ಕೆಲಸ ಮುಗೀತು ಅಂದ್ಕೊಂಡಿದ್ದೆ.

ಪಾಠದಲ್ಲಿ ಒಂದು ಕಾಲ್ಪನಿಕ ನಿರಾಶ್ರಿತರ ಶಿಬಿರದ ನಕ್ಷೆ ಇತ್ತು. ಗಸ್ತು ವಾಹನ ಬೆಳಿಗ್ಗೆ 9ಕ್ಕೆ ಹೊರಟು ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರಬೇಕು. ನನ್ನ ಹಿರಿಯ ಸಹೋದ್ಯೋಗಿ ಕನ್ನಡಕ ಏರಿಸಿಕೊಂಡು ನೋಡಿದರು. ‘ಸೌದೆಗೆ ಹೆಂಗಸರು ಎಷ್ಟು ಹೊತ್ತಿಗೆ ಹೋಗ್ತಾರಮ್ಮ? ಯಾವ ದಾರೀಲಿ?’ ಅಂದರು.

ನನ್ನ ನಕ್ಷೆಯಲ್ಲಿ ಕಾಲುದಾರಿಯೇ ಇರಲಿಲ್ಲ.

ಆಮೇಲೆ ಅವರು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ವಿಷಯ ತೆಗೆದರು. 2002ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿಯುವ ಹೊತ್ತಿಗೆ 72 ಸಾವಿರಕ್ಕೂ ಜಾಸ್ತಿ ಹೋರಾಟಗಾರರು ಶಸ್ತ್ರ ಒಪ್ಪಿಸಿದ್ದರು. ಅವರಲ್ಲಿ ವಯಸ್ಕ ಹೆಂಗಸರು 5 ಸಾವಿರವೂ ಇಲ್ಲ. ಯಾಕಂದ್ರೆ ಶಸ್ತ್ರ ಬಿಟ್ಟವರಿಗೆ ಕೊಡುವ ನೆರವು ಬೇಕಿದ್ದವರು ಬಂದೂಕು ತಂದು ತೋರಿಸಬೇಕಿತ್ತು. ಎಷ್ಟೋ ಸಲ ಅದನ್ನು ಬಿಚ್ಚಿ ಮತ್ತೆ ಜೋಡಿಸಿಯೂ ತೋರಿಸಬೇಕಿತ್ತು. ಪಡೆಗೆ ಅಡುಗೆ ಮಾಡಿದವಳು, ಹೊರೆ ಹೊತ್ತವಳು, ಎಳೆದೊಯ್ದು ‘ಹೆಂಡತಿ’ ಮಾಡಿಕೊಂಡವಳು ಏನು ತೋರಿಸಬೇಕು? ಬಂದೂಕು ಇದ್ದ ಕೆಲವು ಹುಡುಗಿಯರಿಂದ ಕಮಾಂಡರ್‌ಗಳೇ ಅದನ್ನು ಕಿತ್ಕೊಂಡು ಬೇರೆಯವರಿಗೆ ಕೊಟ್ಟಿದ್ದರು.

ಪಕ್ಕದ ಲೈಬೀರಿಯಾದಲ್ಲಿ ನಿಯಮ ಸಡಿಲ ಮಾಡಿದರು. ಪಡೆಗಳ ಜೊತೆಗಿದ್ದ ಹೆಂಗಸರು ಬಂದೂಕಿಲ್ಲದೆಯೂ ಹೆಸರು ಬರೆಸಬಹುದಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ 22 ಸಾವಿರಕ್ಕೂ ಜಾಸ್ತಿ ಹೆಂಗಸರು ಬಂದರು. ಇಲ್ಲೂ ಗೊಂದಲ ಕಮ್ಮಿ ಇರಲಿಲ್ಲ, ಅದು ಬೇರೆ ಮಾತು.

ಶಾಂತಿ, ಭದ್ರತೆಯ ಕೆಲಸದಲ್ಲಿ ಹೆಂಗಸರನ್ನೂ ಅವರ ಅಗತ್ಯಗಳನ್ನೂ ಗಮನಿಸಬೇಕು ಅನ್ನುವ 1325ನೇ ನಿರ್ಣಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿಕೊಂಡದ್ದು 2000ದ ಅಕ್ಟೋಬರ್ 31ರಂದು. ನನಗೆ ಅದು ಬಾಯಿಪಾಠ ಆಗಿತ್ತು. ಆದರೂ ಸೌದೆ ನೆನಪಾಗಲಿಲ್ಲ ನೋಡಿ! ತಲೆ ಎಣಿಸೋದು ಸುಲಭ, ಅಲ್ವಾ?

ಪಾಠ ತಿದ್ದಲು ಕೂತೆ. ಗಸ್ತನ್ನು ಸುಮ್ನೆ ಬೆಳಗಿನ 5 ಗಂಟೆಗೆ ಹಾಕಿದೆ. ‘ಅದನ್ನೂ ನೀನೇ ತೀರ್ಮಾನ ಮಾಡಿದ್ಯಾ?’ ಅಂದರು. ಸುಡಾನಿನ ಡಾರ್ಫರ್‌ನಲ್ಲಿ, ಸೌದೆಗೆ ಹೋಗುವ ಹೆಂಗಸರ ಮೇಲೆ ದಾರೀಲಿ ದಾಳಿ ಆಗದಿರಲಿ ಅಂತ ಸೈನಿಕರು ಜೊತೆಗೆ ಹೋಗುವ ಸೌದೆ ಗಸ್ತು ಇತ್ತು. ಯಾವ ದಿನ, ಎಷ್ಟು ದೂರ, ಸೈನಿಕರು ಎಷ್ಟು ಹಿಂದೆ ಬರಬೇಕು ಅಂತ ಹೆಂಗಸರ ಜೊತೆ ಕೂತು ಮಾತಾಡಿದ ಕಡೆ ಅದು ಚೆನ್ನಾಗಿ ನಡೆಯಿತಂತೆ. ಸಮಯದ ಜಾಗ ಖಾಲಿ ಬಿಟ್ಟೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಕೇಳಿ ಬರೆಯಿರಿ’ ಅಂತ ಗೀಚಿದೆ.